ಹತ್ತನೇ ಕ್ಲಾಸಿನ ಫೋಟೋ: ಸಾಲಿನಾಗೆ ನಿಲ್ಲೋಕೂ ದುಡ್ಡು ಕೊಡಬೇಕೇನ್ರಿ?

ನಂದಿಗುಡಿ ಕಡೆಯಿಂದ ಮಲೇಬೆನ್ನೂರಿಗೆ ಬರುವ ಬೆಳಗಿನ ಬಸ್ಸು ಹತ್ತುವವರಿಗೆ ಇದು ಹೊಸದಲ್ಲ. ಬೇಸಿಗೆ ಭತ್ತದ ನಾಟಿ ಶುರುವಾಗೋ ಹೊತ್ತಿಗೆ ಬಸ್ಸಿನಲ್ಲಿ ಒಂದು ತರಹದ ಪ್ರಯಾಣಿಕರು ಕಾಣಿಸಿಕೊಳ್ಳುತ್ತಾರೆ. ತಲೆಗೆ ಎಣ್ಣೆ ಹಚ್ಚಿ ಒಂದು ಕೂದಲೂ ಅಲುಗದ ಹಾಗೆ ಬಾಚಿದ ಹುಡುಗರು. ಎರಡು ಜಡೆ ಹಾಕಿ, ರಿಬ್ಬನ್ ಕಟ್ಟಿ, ಮುಖಕ್ಕೆ ಎರಡು ಪದರ ಪೌಡರ್ ಬಳಿದುಕೊಂಡ ಹುಡುಗಿಯರು. ಸೀಟು ಖಾಲಿ ಇದ್ದರೂ ಕೂರುವುದಿಲ್ಲ. ಕೂತರೆ ಇಸ್ತ್ರಿ ಹಾಳಾಗುತ್ತದಲ್ಲ! ಕಂಬಿ ಹಿಡಿದು ಗೊಂಬೆ ಹಾಗೆ ನಿಂತಿರುತ್ತಾರೆ. ಕಂಡಕ್ಟರ್‌ಗೂ ಗೊತ್ತು. "ಏನಪಾ, ಫೋಟೋಕ್ಕಾ?" ಅಂತಾನೆ. ಹುಡುಗ ನಾಚಿಕೊಂಡು ಕಿಟಕಿ ಕಡೆ ತಿರುಗುತ್ತಾನೆ.

ಹೌದು ಸ್ವಾಮಿ, ಎಸ್ಸೆಸ್ಸೆಲ್ಸಿ ಫೋಟೋ.

ಇದೇನು ಬರೆಯುವಂಥ ವಿಷಯವೇ ಅಂತ ಕೆಲವರು ಮೂಗು ಮುರಿಯಬಹುದು. ರಸ್ತೆ ಗುಂಡಿ, ನಾಲೆ ನೀರು, ಚರಂಡಿ ಇವೆಲ್ಲ ಬಿಟ್ಟು ಹುಡುಗರ ಫೋಟೋ ಹಿಡ್ಕೊಂಡಾನೆ ಅನ್ನಬಹುದು. ಗುಂಡಿ ಎಲ್ಲಿಗೂ ಹೋಗುವುದಿಲ್ಲ, ಮುಂದಿನ ವಾರವೂ ಅಲ್ಲೇ ಇರುತ್ತದೆ. ಹತ್ತನೇ ಕ್ಲಾಸು ಮಾತ್ರ ಮನುಷ್ಯನ ಬಾಳಿನಲ್ಲಿ ಒಂದೇ ಸಲ ಬರುವುದು. ನಪಾಸಾದರೂ ಆ ಗುಂಪು ಮತ್ತೆ ಸೇರುವುದಿಲ್ಲ.

ಎರಡು ಫೋಟೋ, ಎರಡು ಕಥೆ

ಹತ್ತನೇ ಕ್ಲಾಸಿನ ಮಕ್ಕಳಿಗೆ ಎರಡು ಫೋಟೋ. ಒಂದು, ಬರೀ ಮುಖದ್ದು, ಪಾಸ್‌ಪೋರ್ಟ್ ಸೈಜಿನದು. ಪರೀಕ್ಷೆಗೆ ಹೆಸರು ನೋಂದಾಯಿಸುವಾಗ ಬೇಕು, ಹಾಲ್ ಟಿಕೆಟ್ಟಿನಲ್ಲಿ ಬರುತ್ತದೆ. ಆಮೇಲೆ ಪಿಯುಸಿ ಅರ್ಜಿಗೆ, ಹಾಸ್ಟೆಲ್ ಅರ್ಜಿಗೆ, ವಿದ್ಯಾರ್ಥಿ ವೇತನಕ್ಕೆ, ಬಸ್ ಪಾಸಿಗೆ. ಇನ್ನೊಂದು, ಬೀಳ್ಕೊಡುಗೆ ಹೊತ್ತಿನ ಗ್ರೂಪ್ ಫೋಟೋ. ಮೇಷ್ಟ್ರುಗಳು ನಡುವೆ ಕುರ್ಚಿ ಮೇಲೆ, ಗಿಡ್ಡನವರು ನೆಲದ ಮೇಲೆ, ಉದ್ದನವರು ಹಿಂದೆ ಬೆಂಚಿನ ಮೇಲೆ. ಮೊದಲನೆಯದು ಸರ್ಕಾರಕ್ಕೆ. ಎರಡನೆಯದು ನಮಗೆ.

ಮೊದಲನೆಯದರ ಬಗ್ಗೆ ಮೊದಲು ಹೇಳಿ ಮುಗಿಸುತ್ತೇನೆ. ನನಗೆ ಮುಖ್ಯವಾಗಿ ಹೇಳಬೇಕಾದ್ದು ಇರುವುದು ಎರಡನೆಯದರ ಮೇಲೆ.

1985ರಲ್ಲಿ ನಾನು ಎಸ್ಸೆಸ್ಸೆಲ್ಸಿ. ಆಗ ಈ ಊರುಗಳೆಲ್ಲ ಚಿತ್ರದುರ್ಗ ಜಿಲ್ಲೆ. ದಾವಣಗೆರೆ ಜಿಲ್ಲೆಯಾಗಿದ್ದು 1997ರ ಆಗಸ್ಟ್ 15ಕ್ಕೆ. ಕಾಲೇಜು ಅರ್ಜಿಗೆ ಫೋಟೋ ಬೇಕು ಅಂದಾಗ ನಮ್ಮಪ್ಪ ನನ್ನನ್ನು ಹರಿಹರಕ್ಕೆ ಕರೆದುಕೊಂಡು ಹೋದರು. ಅವ್ವ ಹಿಂದಿನ ರಾತ್ರಿಯೇ ಅಂಗಿಗೆ ನೀಲಿ ಹಾಕಿ ಒಗೆದು, ಕಂಚಿನ ಚೊಂಬಿಗೆ ಕೆಂಡ ತುಂಬಿ ಇಸ್ತ್ರಿ ಮಾಡಿದ್ದಳು. ಸ್ಟುಡಿಯೋ ಒಳಗೆ ಒಂದು ಗೂಡು. ಗೋಡೆಗೆ ಬಣ್ಣದ ಪರದೆ, ಅದರ ಮೇಲೆ ಕೊಳ, ಹಂಸ, ಮೆಟ್ಟಿಲು. ಪಕ್ಕದಲ್ಲಿ ಗೋಡೆಗೆ ನೇತುಹಾಕಿದ ಒಂದು ಕೋಟು, ಒಂದು ಟೈ, ಒಂದು ಹಣಿಗೆ. ಈ ಹಣಿಗೆಯಲ್ಲಿ ಇಡೀ ತಾಲ್ಲೂಕು ತಲೆ ಬಾಚಿಕೊಂಡಿತ್ತು ಅಂತ ಕಾಣುತ್ತದೆ. ಎರಡು ದೊಡ್ಡ ಬಲ್ಬು ಹತ್ತಿಸಿದ ಕೂಡಲೇ ಒಲೆ ಮುಂದೆ ಕೂತ ಹಾಗೆ ಸೆಕೆ. ಅವ್ವ ಹಚ್ಚಿದ ಎಣ್ಣೆ ಹಣೆಯಿಂದ ಇಳಿಯತೊಡಗಿತು.

"ತಮ್ಮಾ, ಗದ್ದ ಸ್ವಲ್ಪ ಕೆಳಗೆ. ಉಸಿರು ಬಿಗಿ ಹಿಡಿ. ಕಣ್ಣು ಪಿಳುಕಿಸಬ್ಯಾಡ."

ಕಣ್ಣು ಪಿಳುಕಿಸಬೇಡ ಅಂದರೆ ಯಾರಿಗೆ ಆದೀತು! ಆದರೂ ಒಂದೇ ಸಲ, ಟಕ್ ಅಂತ ಮುಗೀತು. ಮತ್ತೊಂದು ತೆಗೆಯಿರಿ ಅನ್ನುವ ಹಾಗಿಲ್ಲ. ಆಗಿನ ದೊಡ್ಡ ಫಿಲಂ ರೋಲಿಗೆ ಬರುವುದೇ 12 ಫೋಟೋ. ಒಬ್ಬೊಬ್ಬರಿಗೆ ಎರಡೆರಡು ತೆಗೆದರೆ ಸ್ಟುಡಿಯೋದವರು ಮನೆಗೆ ಅಕ್ಕಿ ಒಯ್ಯುವುದು ಯಾವಾಗ? ಇನ್ನೊಂದು ಫಜೀತಿ ಎಂದರೆ ರೋಲು ತುಂಬುವ ತನಕ ತೊಳೆಯುವುದಿಲ್ಲ. "ಸೋಮವಾರ ಬರ್ರಿ" ಅಂದರು. ಸೋಮವಾರ ಹೋದರೆ "ಇನ್ನೂ ಮೂರು ಉಳಿದಾವೆ, ಗುರುವಾರ ಬರ್ರಿ" ಅಂದರು. ನಮ್ಮಪ್ಪ ನನ್ನ ಫೋಟೋಕ್ಕಾಗಿ ಕೊಟ್ಟ ದುಡ್ಡಿಗಿಂತ ಬಸ್ ಚಾರ್ಜಿಗೆ ಕೊಟ್ಟ ದುಡ್ಡೇ ಜಾಸ್ತಿ.

ಕೊನೆಗೂ ಫೋಟೋ ಬಂತು. ನೋಡಿದರೆ ಯಾರೋ ಬೆಳ್ಳನೆ ಹುಡುಗ! ಸ್ಟುಡಿಯೋದವರು ನೆಗೆಟಿವ್ ಮೇಲೆ ಸೀಸದಕಡ್ಡಿ ಆಡಿಸಿ ಮುಖ ತಿದ್ದಿದ್ದರು. ನೆಗೆಟಿವ್‌ನಲ್ಲಿ ಕಪ್ಪು ಮಾಡಿದ್ದು ಕಾಗದದ ಮೇಲೆ ಬಿಳುಪಾಗಿ ಬರುತ್ತದೆ, ಅದೇ ಅವರ ಗುಟ್ಟು. ಮೊಡವೆ ಹೋಗಿತ್ತು, ಹಣೆಯ ಗಾಯದ ಗುರುತು ಹೋಗಿತ್ತು. ಅಪ್ಪಗೆ ಭಾಳ ಸಂತೋಷ. ಅವ್ವ ಮಾತ್ರ ಫೋಟೋ ತಿರುಗಿಸಿ ಮುರುಗಿಸಿ ನೋಡಿ, "ಇದು ನಮ್ಮ ಹುಡುಗ ಅಲ್ಲ ಬಿಡು" ಅಂದಳು.

ಇವತ್ತೂ ಕಥೆ ಅಷ್ಟೇ. ಸೀಸದಕಡ್ಡಿ ಹೋಗಿ ಕಂಪ್ಯೂಟರ್ ಬಂದಿದೆ. ಬಿಸಿಲಲ್ಲಿ ಸಸಿ ಕಿತ್ತು ಕಪ್ಪಾದ ಹುಡುಗಿಯ ಮುಖವನ್ನು ಒಂದು ಗುಂಡಿ ಒತ್ತಿ ಗೋಧಿಹಿಟ್ಟು ಮಾಡುತ್ತಾರೆ. ಕೇಳದಿದ್ದರೂ ಮಾಡುತ್ತಾರೆ, ಅದೊಂದು ಉಪಕಾರ ಅಂತ. ಬೇಡ ಅನ್ನಿ. ಹಾಲ್ ಟಿಕೆಟ್ಟಿನ ಫೋಟೋ ಇರುವುದು ಪರೀಕ್ಷಾ ಕೊಠಡಿಯಲ್ಲಿ ಮುಖ ತಾಳೆ ನೋಡುವುದಕ್ಕೆ. ಅಲ್ಲಿ ಮುಖ ಒಂದು, ಫೋಟೋ ಇನ್ನೊಂದು ಆದರೆ ಮೊದಲೇ ಹೆದರಿದ ಹುಡುಗಿ ಇನ್ನಷ್ಟು ಹೆದರುತ್ತಾಳೆ. ಅದೂ ಹೋಗಲಿ, ಹದಿನೈದು ವರ್ಷದ ಮಗುವಿಗೆ "ನಿನ್ನ ಬಣ್ಣ ಸರಿ ಇಲ್ಲ, ನಾನು ಸರಿ ಮಾಡಿದೆ" ಎಂದು ಸ್ಟುಡಿಯೋದಲ್ಲಿ ಯಾಕೆ ಹೇಳಿಸಬೇಕು?

ಮನೆಯಲ್ಲೇ ಮಾಡಬಹುದಾದ ತಯಾರಿ

ಸ್ಟುಡಿಯೋ ಕೆಲಸ ಬಲ್ಲವರು ಹೇಳುವುದನ್ನೂ, ನಾನು ಕಂಡಿದ್ದನ್ನೂ ಸೇರಿಸಿ ನಾಲ್ಕು ಮಾತು.

ಕಟಿಂಗ್ ಆ ದಿನವೇ ಮಾಡಿಸಬೇಡಿ. ಹೊಸ ಕಟಿಂಗು ಕಿವಿ ಸುತ್ತ ಬೆಳ್ಳಗೆ ಕಾಣುತ್ತದೆ, ಹುಡುಗ ಕೋಳಿಮರಿ ಹಾಗೆ ಕಾಣುತ್ತಾನೆ. ಒಂದು ವಾರ ಮುಂಚೆ ಮಾಡಿಸಿದರೆ ಸರಿಹೋಗಿರುತ್ತದೆ. ಎಣ್ಣೆ ಹಿಂದಿನ ದಿನ ಹಚ್ಚಿ ತಲೆಗೆ ನೀರು ಹಾಕಿಕೊಳ್ಳಲಿ. ಆ ಹೊತ್ತಿಗೆ ಹಚ್ಚಿದ ಎಣ್ಣೆ ಲೈಟಿಗೆ ಹಣೆ ಮೇಲೆ ಕನ್ನಡಿ ಹೊಳೆದ ಹಾಗೆ ಹೊಳೆಯುತ್ತದೆ. ಪೌಡರ್ ಕಥೆ ಇದಕ್ಕೂ ಕಷ್ಟ. ಫ್ಲಾಶ್ ಬಿದ್ದರೆ ಪೌಡರ್ ಹಚ್ಚಿದ ಕೆನ್ನೆ ಬೂದಿ ಬಳಿದ ಹಾಗೆ ಆಗಿ, ಕುತ್ತಿಗೆ ಮಾತ್ರ ತನ್ನ ಬಣ್ಣದಲ್ಲೇ ಉಳಿಯುತ್ತದೆ. ತಣ್ಣೀರಲ್ಲಿ ಮುಖ ತೊಳೆದು ಒರೆಸಿಕೊಂಡರೆ ಸಾಕು. ವಿಭೂತಿ, ಕುಂಕುಮ ಮನೆಯಲ್ಲಿ ರೂಢಿ ಇದ್ದಂತೆ ಇರಲಿ.

ಬಿಳೀ ಪರದೆ ಮುಂದೆ ಬಿಳೀ ಅಂಗಿ ಹಾಕಿ ಕೂತರೆ ಭುಜ ಎಲ್ಲಿ ಮುಗಿಯಿತು, ಗೋಡೆ ಎಲ್ಲಿ ಶುರುವಾಯಿತು ಗೊತ್ತಾಗುವುದಿಲ್ಲ. ಯೂನಿಫಾರಂ ಬಿಳೀದೇ ಆಗಿದ್ದರೆ ಬೇರೆ ದಾರಿಯಿಲ್ಲ, ಇಲ್ಲದಿದ್ದರೆ ಗಾಢ ಬಣ್ಣದ್ದು ಒಳ್ಳೆಯದು. ಕನ್ನಡಕ ಇರುವ ಮಕ್ಕಳು ಗದ್ದ ಒಂದು ಚೂರು ತಗ್ಗಿಸಿದರೆ ಗಾಜಿನಲ್ಲಿ ಲೈಟು ಹೊಳೆಯುವುದಿಲ್ಲ.

ಮೊಬೈಲಿನಲ್ಲೇ ತೆಗೆದು ಪ್ರಿಂಟ್ ಹಾಕಿಸಿದರಾಯಿತು ಅನ್ನುವವರಿದ್ದಾರೆ. ಆಗಬಹುದು. ಆದರೆ ಕೈ ಚಾಚಿ ತಾನೇ ತೆಗೆದುಕೊಂಡ ಫೋಟೋ ಬೇಡ. ಮುಖಕ್ಕೆ ಹತ್ತಿರ ಹಿಡಿದು ತೆಗೆದರೆ ಮೂಗು ದೊಡ್ಡದಾಗಿ, ಕಿವಿ ಹಿಂದಕ್ಕೆ ಸರಿದು, ಒಳ್ಳೆ ಮುಖವೂ ಬದನೆಕಾಯಿ ಆಗುತ್ತದೆ. ಇನ್ನೊಬ್ಬರು ಐದಾರು ಅಡಿ ದೂರ ನಿಂತು, ಮನೆ ಬಾಗಿಲ ಬೆಳಕಿನಲ್ಲಿ, ಮಗುವಿನ ಕಣ್ಣಿನ ಮಟ್ಟಕ್ಕೆ ಹಿಡಿದು ತೆಗೆಯಲಿ.

ಪಾಸ್‌ಪೋರ್ಟ್ ಸೈಜ್ ಅಂದರೆ ಅಗಲ 35 ಮಿಲಿಮೀಟರ್, ಎತ್ತರ 45. ಆರು ಇಂಚು ನಾಲ್ಕು ಇಂಚಿನ ಒಂದು ಹಾಳೆಯಲ್ಲಿ ಇಂಥವು ಎಂಟು ಕೂರುತ್ತವೆ. ಎಂಟನ್ನೂ ತೆಗೆದುಕೊಳ್ಳಿ, ಜೂನ್ ಮುಗಿಯುವುದರೊಳಗೆ ಎಂಟೂ ಖಾಲಿಯಾಗುತ್ತವೆ. ಜತೆಗೆ ಆ ಫೋಟೋವನ್ನು ಅಪ್ಪನದೋ ಅಣ್ಣನದೋ ಮೊಬೈಲಿಗೆ ಕಳಿಸಿ ಅಂತ ಕೇಳಿ ಹಾಕಿಸಿಕೊಳ್ಳಿ. ಅರ್ಜಿ ಎಲ್ಲ ಈಗ ಕಂಪ್ಯೂಟರಿನಲ್ಲೇ ಆಗಿರುವುದರಿಂದ ಸೈಬರ್ ಅಂಗಡಿಯವರು ಕೇಳುವುದು ಕಾಗದದ ಫೋಟೋ ಅಲ್ಲ, ಅದನ್ನೇ. ಮತ್ತೆ, ಫೋಟೋ ಹಿಂದೆ ಬಾಲ್‌ಪೆನ್ನಿನಲ್ಲಿ ಒತ್ತಿ ಹೆಸರು ಬರೆದರೆ ಆ ಗೀರು ಮುಂದಕ್ಕೆ ಮೂಡುತ್ತದೆ. ಪಿನ್ನು ಹೊಡೆದರೆ ಹಣೆಗೇ ಹೊಡೆಯುತ್ತಾರೆ. ಸೀಸದಕಡ್ಡಿ, ಗೋಂದು, ಎರಡೇ ಸಾಕು.

ಹೆಣ್ಣುಮಕ್ಕಳಿಗೆ 2023ರ ಜೂನ್ 11ರಿಂದ ಸರ್ಕಾರಿ ಬಸ್ಸು ಪುಕ್ಕಟೆ ಆಗಿರುವುದು ಈ ಫೋಟೋ ಓಡಾಟಕ್ಕೂ ಅನುಕೂಲ ಆಗಿದೆ. ತಾಯಿ ಮಗಳು ಇಬ್ಬರೂ ಆಧಾರ್ ಕಾರ್ಡು ತೋರಿಸಿ ಹೋಗಿ ಬರಬಹುದು. ಖಾಸಗಿ ಬಸ್ಸು ಹತ್ತಿದರೆ ಮಾತ್ರ ಟಿಕೆಟ್ಟು ತಗೊಳ್ಳಲೇಬೇಕು, ನಮ್ಮ ಕಡೆ ಯಾವ ಬಸ್ಸು ಮೊದಲು ಬರುತ್ತದೋ ಅದನ್ನೇ ಹತ್ತುವ ರೂಢಿ ಬೇರೆ.

ಇಷ್ಟು ಸಾಕು ಮುಖದ ಫೋಟೋ ವಿಚಾರ. ಈಗ ಗ್ರೂಪ್ ಫೋಟೋ.

ಸ್ಲೇಟಿನ ಮೇಲೆ ಸೀಮೆಸುಣ್ಣ

ಹಳೇ ಮನೆಗಳ ಪಡಸಾಲೆಯಲ್ಲಿ ಈಗಲೂ ನೋಡಬಹುದು. ಕಪ್ಪು ಬಿಳುಪಿನ ಗ್ರೂಪ್ ಫೋಟೋ, ರಟ್ಟಿಗೆ ಅಂಟಿಸಿ ಕಟ್ಟು ಹಾಕಿಸಿದ್ದು. ಮುಂದೆ ನೆಲದ ಮೇಲೆ ಕೂತ ಹುಡುಗನ ಕೈಯಲ್ಲಿ ಸ್ಲೇಟು. ಅದರ ಮೇಲೆ ಸೀಮೆಸುಣ್ಣದಲ್ಲಿ ಶಾಲೆಯ ಹೆಸರು, "ಹರಿಹರ ತಾಲ್ಲೂಕು, ಚಿತ್ರದುರ್ಗ ಜಿಲ್ಲೆ", ಇಸವಿ. ಸ್ಲೇಟು ಹಿಡಿಯುವುದೆಂದರೆ ದೊಡ್ಡ ಮರ್ಯಾದೆ, ಅದಕ್ಕೆ ಜಗಳ ಆಗುತ್ತಿತ್ತು. ಈಗ ಸ್ಲೇಟಿನ ಜಾಗಕ್ಕೆ ಫ್ಲೆಕ್ಸ್ ಬಂದಿದೆ, ಅದರಲ್ಲಿ ಇಸವಿಗಿಂತ ದಾನಿಗಳ ಮುಖವೇ ದೊಡ್ಡದಾಗಿರುತ್ತದೆ.

ಫೋಟೋ ಅಂದರೆ ಆಯುಷ್ಯ ಕಡಿಮೆ ಆಗುತ್ತದೆ ಎಂದು ನಮ್ಮ ಅಜ್ಜಿಯರ ಕಾಲದಲ್ಲಿ ಹೆದರುತ್ತಿದ್ದರು. ಮದುವೆಯಲ್ಲಿ ಒಂದು, ಉಕ್ಕಡಗಾತ್ರಿ ಅಜ್ಜಯ್ಯನ ಜಾತ್ರೆಗೆ ಹೋದಾಗ ಮನಸ್ಸಾದರೆ ಒಂದು, ಅಷ್ಟೇ. ಶೇಷನ್ ಸಾಹೇಬರು ಚುನಾವಣಾ ಆಯುಕ್ತರಾಗಿದ್ದಾಗ, 1993ರಲ್ಲಿ, ಮತದಾರರ ಗುರುತಿನ ಚೀಟಿಗೆ ಫೋಟೋ ಕಡ್ಡಾಯ ಅಂತ ಹೊರಟ ಮೇಲೆಯೇ ಹಳ್ಳಿಯ ಎಷ್ಟೋ ಮುದುಕ ಮುದುಕಿಯರು ಕ್ಯಾಮೆರಾ ಮುಂದೆ ಕೂತದ್ದು. ಅದಕ್ಕೂ ಮುಂಚಿನ ಗಂಡಸರ ಹರೆಯದ ಮುಖ ಎಲ್ಲಾದರೂ ಉಳಿದಿದ್ದರೆ ಅದು ಹೈಸ್ಕೂಲಿನ ಗ್ರೂಪ್ ಫೋಟೋದಲ್ಲಿ. ಹೆಂಗಸರದ್ದಂತೂ, ಓದಿದವರದ್ದಾದರೆ ಮಾತ್ರ.

ಇಂಥ ಫೋಟೋಕ್ಕೆ ಜಗತ್ತಿನಲ್ಲೆಲ್ಲ ಬೆಲೆ ಇದೆ. ಅಮೆರಿಕದಲ್ಲಿ ಹೈಸ್ಕೂಲಿನ ಕೊನೇ ವರ್ಷ ಅಂದರೆ ಹನ್ನೆರಡನೇ ಕ್ಲಾಸು. ಆ ಮಕ್ಕಳ ಫೋಟೋಕ್ಕೆ ಅಲ್ಲಿ ಬೇಸಿಗೆ ರಜೆಯಿಂದಲೇ ತಯಾರಿ. ಬಟ್ಟೆ ಯಾವುದು, ಜಾಗ ಯಾವುದು, ನಾಯಿಮರಿ ಜತೆಗಿರಬೇಕೋ ಬೇಡವೋ ಎಂದು ಮನೆಮಂದಿಯೆಲ್ಲ ಚರ್ಚೆ ಮಾಡುತ್ತಾರೆ. 1860ರ ದಶಕದಲ್ಲೇ ಬಾಸ್ಟನ್ ಕಡೆಯ ಜಾರ್ಜ್ ವಾರನ್ ಎಂಬ ಫೋಟೋಗ್ರಾಫರ್ ಕಾಲೇಜು ಮುಗಿಸುವ ಹುಡುಗರ ಒಬ್ಬೊಬ್ಬರದೇ ಫೋಟೋ ತೆಗೆದು, ಇಡೀ ತರಗತಿಯದನ್ನು ಆಲ್ಬಂ ಮಾಡಿಕೊಳ್ಳುವ ಹಾಗೆ ಮಾರುತ್ತಿದ್ದ. ಅಲ್ಲಿಯ ಅದ್ದೂರಿ ನಮಗೆ ಬೇಕಿಲ್ಲ. ಒಂದು ಮಾತ್ರ ಗಮನಿಸಿ. ಅಲ್ಲಿ ಅನೇಕ ಶಾಲೆಗಳಲ್ಲಿ ವರ್ಷದ ಪುಸ್ತಕಕ್ಕೆ ಮುಖ ತೆಗೆಸಿಕೊಳ್ಳುವುದಕ್ಕೆ ಕಾಸಿಲ್ಲ. ಮನೆಗೆ ಪ್ರಿಂಟು ಬೇಕಾದರೆ ದುಡ್ಡು. ನಮ್ಮಲ್ಲಿ ಉಲ್ಟಾ.

ಹತ್ತು ರೂಪಾಯಿ

ನಮ್ಮ ಕ್ಲಾಸಿನ ಗ್ರೂಪ್ ಫೋಟೋಕ್ಕೆ ತಲೆಗೆ ಹತ್ತು ರೂಪಾಯಿ. ಶಾಲೆಯ ಹೆಸರು ಬೇಡ, ಮೇಷ್ಟ್ರ ಹೆಸರೂ ಬೇಡ. ಅವರು ಕೆಟ್ಟವರಲ್ಲ. ಆ ಕಾಲದಲ್ಲಿ ಎಲ್ಲ ಕಡೆ ನಡೆಯುತ್ತಿದ್ದುದೇ ಹಾಗೆ. ಹತ್ತು ರೂಪಾಯಿ ಈಗ ಒಂದು ಟೀಗೂ ಸಾಲದು, ಆಗ ನಮ್ಮನೆಯ ವಾರದ ಸಂತೆ ಮುಗಿದು ಚಿಲ್ಲರೆ ಉಳಿಯುತ್ತಿತ್ತು.

ನನ್ನ ಬೆಂಚಿನ ಗೆಳೆಯ ಒಬ್ಬನಿದ್ದ. ಲೆಕ್ಕದಲ್ಲಿ ಹುಷಾರು. ನಾನು ಪಾಸಾದದ್ದೇ ಅವನ ಪುಣ್ಯ. ಮನೆಯಲ್ಲಿ ನಾಟಿ ಹೊತ್ತು, ಇದ್ದ ದುಡ್ಡೆಲ್ಲ ಗೊಬ್ಬರಕ್ಕೆ, ಆಳಿಗೆ. ಮೂರು ದಿನ "ನಾಳೆ ಕೊಡ್ತೀನಿ ಸಾರ್" ಅಂದ. ನಾಲ್ಕನೇ ದಿನ ಸ್ಟುಡಿಯೋದವರು ಮೂರು ಕಾಲಿನ ಸ್ಟ್ಯಾಂಡು, ಕರೀ ಬಟ್ಟೆ ಹೊತ್ತುಕೊಂಡು ಬಂದೇಬಿಟ್ಟರು. ಬೇವಿನ ಮರದ ಪಕ್ಕ ಬೆಂಚು ಜೋಡಿಸಿದ್ದರು. ಆ ಬೆಂಚು ಹೊತ್ತು ತಂದವರಲ್ಲಿ ಅವನೂ ಒಬ್ಬ. ಆಮೇಲೆ ಪಟ್ಟಿ ಹಿಡಿದು ಹೆಸರು ಕೂಗಿ ಸಾಲಾಗಿ ನಿಲ್ಲಿಸಿದರು. ಅವನ ಹೆಸರು ಬರಲಿಲ್ಲ. ಇನ್ನೂ ಇಬ್ಬರದು ಬರಲಿಲ್ಲ, ಅವರಲ್ಲಿ ಒಬ್ಬಳು ಹುಡುಗಿ. "ದುಡ್ಡು ಕೊಡದವರು ಆಚೆ ನಿಂತ್ಕಳ್ರಪಾ, ಅಡ್ಡ ಬರಬ್ಯಾಡ್ರಿ." ಅವನು ನಮ್ಮೆಲ್ಲರ ಚಪ್ಪಲಿ ಕಾಯ್ದುಕೊಂಡು ಆಚೆ ನಿಂತ. ನಾನು ಎರಡನೇ ಸಾಲಿನಲ್ಲಿ ನಿಂತು ಹಲ್ಲು ಕಿಸಿದೆ. ಆಗ ನನಗೆ ಏನೂ ಅನ್ನಿಸಲಿಲ್ಲ, ಸುಳ್ಳು ಯಾಕೆ ಹೇಳಲಿ.

2021ರಲ್ಲಿ ಕೊರೊನಾದಲ್ಲಿ ಅವನು ಹೋದ. ಆ ದಿನಗಳಲ್ಲಿ ಮಣ್ಣಿಗೂ ಹೋಗಲು ಆಗಲಿಲ್ಲ. ಕೆಲವು ತಿಂಗಳಾದ ಮೇಲೆ ಅವನ ಮಗ ನಮ್ಮ ಮನೆಗೆ ಬಂದ.

"ಕಾಕಾ, ಅಪ್ಪಂದು ಹಳೇ ಫೋಟೋ ಏನಾದ್ರೂ ಐತೇನ್ರಿ ನಿಮ್ಮತ್ರ? ಮನೇಲಿ ಆಧಾರ್ ಕಾರ್ಡಿಂದ ದೊಡ್ದು ಮಾಡ್ಸಿ ಹಾಕೇವಿ. ಅವ್ವ ಅದನ್ನ ನೋಡಕೇ ಒಲ್ಲೆ ಅಂತಾಳೆ."

ಆಧಾರ್ ಫೋಟೋ ಹೇಗಿರುತ್ತದೆ ಎಂದು ನಿಮಗೆಲ್ಲ ಗೊತ್ತು. ಬದುಕಿದ್ದವರದ್ದೇ ನೋಡೋಕಾಗಲ್ಲ, ಇನ್ನು ಅದನ್ನು ಹಿಗ್ಗಿಸಿ ಹಾರ ಹಾಕಿದರೆ! ನಾನು ಟ್ರಂಕು ತೆಗೆದು ಗ್ರೂಪ್ ಫೋಟೋ ಕೊಟ್ಟೆ. ಕೊಡುವ ತನಕ ನನಗೂ ನೆನಪಿರಲಿಲ್ಲ. ಹುಡುಗ ಕಿಟಕಿ ಹತ್ತಿರ ಹೋಗಿ ಮೊದಲನೇ ಸಾಲಿನಿಂದ ಒಂದೊಂದೇ ಮುಖ ನೋಡುತ್ತ ಹೋದ. ಎರಡನೇ ಸಾಲು, ಮೂರನೇ ಸಾಲು. ಮತ್ತೆ ಮೊದಲಿನಿಂದ ನೋಡಿದ. ಆಗ ನನಗೆ ನೆನಪಾಯಿತು, ಇಲ್ಲ ಕಣಪ್ಪಾ, ಅವತ್ತು ಅವನು ನಿಂತಿರಲಿಲ್ಲ ಅಂದೆ. ಯಾಕೆ ಅಂತ ಕೇಳಿದ. ಬಂದಿರಲಿಲ್ಲ ಅಂತ ಹೇಳಿದೆ.

ಬಂದಿದ್ದ. ಬೆಂಚು ಹೊತ್ತಿದ್ದ. ಅದನ್ನು ಆ ಹುಡುಗನಿಗೆ ಹೇಳುವ ಧೈರ್ಯ ಆಗಲಿಲ್ಲ.

ಈಗಲೂ ನಡೀತೈತೆ

ಇದು ಹಳೇ ಕಥೆ, ಈಗ ಯಾರು ಹಾಗೆ ಮಾಡ್ತಾರೆ ಅನ್ನಬೇಡಿ. ಈಗ ಆಚೆ ನಿಂತ್ಕೋ ಅಂತ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟೇ. ಮಕ್ಕಳೇ ಜಾಣರಾಗಿದ್ದಾರೆ. ದುಡ್ಡು ಕೊಡಲಾಗದವರು ಆ ದಿನ ಶಾಲೆಗೇ ಬರುವುದಿಲ್ಲ. ಮಾರನೇ ದಿನ ಕೇಳಿದರೆ "ಜ್ವರ ಬಂದಿತ್ತು ಸಾರ್". ಇಲ್ಲವೇ ಮುಂಚೆಯೇ "ನಂಗೆ ಫೋಟೋ ಬ್ಯಾಡ ಸಾರ್, ಇಷ್ಟ ಇಲ್ಲ" ಅಂತಾರೆ. ಹದಿನೈದರ ವಯಸ್ಸಿನಲ್ಲಿ ಫೋಟೋ ಇಷ್ಟ ಇಲ್ಲದ ಹುಡುಗ ಹುಡುಗಿ ಈ ಮೊಬೈಲ್ ಕಾಲದಲ್ಲಿ ಯಾರಿದ್ದಾರೆ ಹೇಳಿ?

ದುಡ್ಡಿನ ಜತೆಗೆ ಬಟ್ಟೆ. ಕೆಲವು ಕಡೆ ಈಗ ಗ್ರೂಪ್ ಫೋಟೋ ದಿನ ಹೆಣ್ಣುಮಕ್ಕಳೆಲ್ಲ ಒಂದೇ ಬಣ್ಣದ ಸೀರೆ, ಗಂಡುಹುಡುಗರು ಒಂದೇ ಬಣ್ಣದ ಅಂಗಿ, ಬಿಳೀ ಪಂಚೆ ಎಂದು ಮಕ್ಕಳೇ ಮಾತಾಡಿಕೊಳ್ಳುತ್ತಾರೆ. ಚೆಂದವೇ. ಆದರೆ ಅಕ್ಕನ ಸೀರೆ, ಅತ್ತಿಗೆ ಸೀರೆ ಕೇಳಿದರೂ ಆ ಬಣ್ಣ ಸಿಗದವಳು ಏನು ಮಾಡಬೇಕು? ಯೂನಿಫಾರಂ ಇರುವುದೇ ಇದಕ್ಕೆ ಅಲ್ಲವೇ. ಮೊದಲು ಎಲ್ಲರೂ ಯೂನಿಫಾರಂನಲ್ಲಿ ಒಂದು ಗ್ರೂಪ್ ಫೋಟೋ ಆಗಲಿ, ಸೀರೆ ಪಂಚೆ ಆಟ ಆಮೇಲೆ ನಡೆಯಲಿ.

ನನ್ನ ಕೇಳಿಕೆ ಭಾಳ ಸಣ್ಣದು. ಸಾಲಿನಲ್ಲಿ ನಿಲ್ಲುವುದಕ್ಕೆ ದುಡ್ಡು ಬೇಡ. ಪ್ರಿಂಟಿಗೆ ಮಾತ್ರ ದುಡ್ಡು. ಹಾಜರಿ ಪುಸ್ತಕದಲ್ಲಿ ಹೆಸರಿದ್ದವರೆಲ್ಲ ನಿಲ್ಲಲಿ. ಪ್ರಿಂಟು ಬೇಕಾದವರ ಪಟ್ಟಿ ಬೇರೆ ಮಾಡಿಕೊಳ್ಳಿ.

ಇದಕ್ಕೆ ಮೇಷ್ಟ್ರುಗಳ ಕಡೆಯಿಂದ ಒಂದು ಆಕ್ಷೇಪಣೆ ಬರುತ್ತದೆ, ಅದೂ ಸುಳ್ಳಲ್ಲ. "ಮೊದಲೇ ವಸೂಲಿ ಮಾಡದಿದ್ರೆ ಪರೀಕ್ಷೆ ಆದ ಮೇಲೆ ಹುಡುಗರು ಕೈಗೆ ಸಿಗಲ್ಲ, ಸ್ಟುಡಿಯೋದವರಿಗೆ ನಾವು ಕೈಯಿಂದ ಕೊಡಬೇಕು." ನಿಜ. ಶಾಲೆಯ ಬೀರುವಿನಲ್ಲಿ ಒಯ್ಯದೆ ಉಳಿದ ಗ್ರೂಪ್ ಫೋಟೋಗಳ ಕಟ್ಟು ಸಿಗುವುದುಂಟು. ಹಾಗಾದರೆ ಪ್ರಿಂಟಿನ ದುಡ್ಡು ಮುಂಚೆಯೇ ತೆಗೆದುಕೊಳ್ಳಿ, ಯಾರು ಬೇಡ ಅಂದರು. ಕೊಟ್ಟಷ್ಟು ಜನಕ್ಕೆ ಅಷ್ಟು ಪ್ರಿಂಟು. ಕೊಡದವನು ಕೂಡ ನಿಂತಿರಲಿ ಅನ್ನುವುದಷ್ಟೇ ನನ್ನ ಮಾತು.

ಸ್ಟುಡಿಯೋದವರಿಗೆ ಇದರಲ್ಲಿ ನಷ್ಟ ಇಲ್ಲ. ನಲವತ್ತು ಜನ ನಿಂತರೂ ಒಂದೇ ಕ್ಲಿಕ್ಕು, ನಲವತ್ತಮೂರು ನಿಂತರೂ ಒಂದೇ ಕ್ಲಿಕ್ಕು. ಫಿಲಂ ಕಾಲದಲ್ಲೂ ಲೆಕ್ಕ ಹೀಗೇ ಇತ್ತು. ಊಟಿಯ ಹಿಂದೂಸ್ತಾನ್ ಫೋಟೋ ಫಿಲಂಸ್ ಕಾರ್ಖಾನೆಯ ಇಂದು ಫಿಲಂ, ಇಂದು ಪೇಪರ್ ಎಂದು ಸ್ಟುಡಿಯೋ ಗೋಡೆಗಳ ಮೇಲೆಲ್ಲ ಇರುತ್ತಿತ್ತು, ಈಗ ಆ ಕಾರ್ಖಾನೆಯೇ ಬಾಗಿಲು ಹಾಕಿದೆ. ಖರ್ಚು ಆಗುತ್ತಿದ್ದುದು ಪೇಪರಿಗೆ, ನಿಂತ ತಲೆಗಲ್ಲ. ಇವತ್ತಂತೂ ಫಿಲಮ್ಮೇ ಇಲ್ಲ.

ಇನ್ನು ಅಂಗಡಿಯವರಿಗೆ ಒಂದು ಮಾತು. ಬೀಳ್ಕೊಡುಗೆ ಸಮಾರಂಭಕ್ಕೆ ಮೈಕು, ಶಾಮಿಯಾನ, ಮಂಡಕ್ಕಿ ಮಿರ್ಚಿ ಅಂತ ನೀವು ಪ್ರತಿ ವರ್ಷ ಕೊಡುತ್ತೀರಿ. ಹುಡುಗರು ರಸೀತಿ ಪುಸ್ತಕ ಹಿಡಿದು ಬಂದಾಗ ಇನ್ನೂರೋ ಐನೂರೋ ಬರೆಸುತ್ತೀರಿ. ಈ ಸಲ ಬರೆಸುವಾಗ "ಇದರಾಗೆ ಫೋಟೋಕ್ಕೆ ದುಡ್ಡು ಕೊಡಕಾಗದ ನಾಕು ಹುಡುಗರಿಗೆ ಪ್ರಿಂಟ್ ಹಾಕ್ಸಿ, ಹೆಸರು ನನಗೆ ಹೇಳಬ್ಯಾಡ್ರಿ" ಅನ್ನಿ. ಹೆಸರು ಹೇಳಬೇಡಿ ಅನ್ನುವುದನ್ನು ಮರೆಯಬೇಡಿ. ದಾನ ಕೊಟ್ಟು ವೇದಿಕೆ ಮೇಲೆ ಕರೆದು ಹುಡುಗನ ಕೈಗೆ ಫೋಟೋ ಕೊಡಿಸಿದರೆ ಆ ಹುಡುಗ ಅದನ್ನು ಮನೆಯಲ್ಲಿ ಗೋಡೆಗೆ ಹಾಕುವುದಿಲ್ಲ.

ತೆಗೆಯುವ ಹೊತ್ತು, ಬರೆಯುವ ಕೆಲಸ

ಗ್ರೂಪ್ ಫೋಟೋ ತೆಗೆಯಲು ಬೆಳಿಗ್ಗೆ ಪ್ರಾರ್ಥನೆ ಮುಗಿದ ಕೂಡಲೇ ಒಳ್ಳೆಯದು. ಹನ್ನೆರಡು ಗಂಟೆಗೆ ಶುರು ಮಾಡಿದರೆ ಕಣ್ಣಿನ ಕೆಳಗೆ ನೆರಳು ಬಿದ್ದು ಎಲ್ಲರೂ ವಾರದಿಂದ ನಿದ್ದೆಗೆಟ್ಟವರ ಹಾಗೆ ಕಾಣುತ್ತಾರೆ. ಸೂರ್ಯನ ಕಡೆ ಮುಖ ಮಾಡಿಸಿದರೆ ಕಣ್ಣು ಮುಚ್ಚುತ್ತಾರೆ. ಮರದ ಕೆಳಗೆ ನಿಲ್ಲಿಸಿದರೆ ಎಲೆಗಳ ಸಂದಿಯಿಂದ ಬಿಸಿಲು ತೂರಿ ಒಬ್ಬನ ಹಣೆ, ಇನ್ನೊಬ್ಬಳ ಕೆನ್ನೆ ಮೇಲೆ ಬಿಳೀ ಮಚ್ಚೆ ಬೀಳುತ್ತದೆ. ಶಾಲೆ ಕಟ್ಟಡದ ನೆರಳೇ ವಾಸಿ. ಕ್ಯಾಮೆರಾ ಕಾಣದಿದ್ದರೆ ಮುಖವೂ ಕ್ಯಾಮೆರಾಕ್ಕೆ ಕಾಣುವುದಿಲ್ಲ. ಹಿಂದಿನ ಸಾಲಿನ ಗಿಡ್ಡನವರಿಗೆ ಇಷ್ಟು ಹೇಳಿದರೆ ಅವರೇ ಜಾಗ ಮಾಡಿಕೊಳ್ಳುತ್ತಾರೆ. ಅಡುಗೆ ಮಾಡುವ ಅಮ್ಮನವರನ್ನೂ ಜವಾನರನ್ನೂ ಕರೆಯಿರಿ. ಹೈಸ್ಕೂಲು ಬಿಟ್ಟವರು ಮೇಷ್ಟ್ರ ಹೆಸರು ಮರೆತರೂ ಗಂಟೆ ಹೊಡೆಯುತ್ತಿದ್ದವರ ಹೆಸರು ಮರೆಯುವುದಿಲ್ಲ.

ಪ್ರಿಂಟು ಕೈಗೆ ಬಂದ ದಿನವೇ ಹೆಸರು ಬರೆಯಿಸಿ. ಎಲ್ಲರೂ ಇನ್ನೂ ಒಂದೇ ಕೋಣೆಯಲ್ಲಿ ಇರುವಾಗ ಐದು ನಿಮಿಷದ ಕೆಲಸ. ಸಾಲು ಒಂದು, ಎಡದಿಂದ ಬಲಕ್ಕೆ, ಊರಿನ ಹೆಸರಿನ ಸಮೇತ. ನಂದಿಗುಡಿ, ವಾಸನ, ಕೊಕ್ಕನೂರು, ಹೊಳೆಸಿರಿಗೆರೆ ಎಂದು. ಒಂದೇ ಕ್ಲಾಸಿನಲ್ಲಿ ಮೂವರು ಮಂಜುನಾಥ, ನಾಲ್ವರು ಬಸವರಾಜ ಇರುವ ನಾಡು ಇದು. ಹೆಣ್ಣುಮಕ್ಕಳು ಮದುವೆಯಾಗಿ ಯಾವ ಊರಿಗೆ ಹೋದರೋ ಯಾರಿಗೆ ಗೊತ್ತಿರುತ್ತದೆ.

ನಾನು ಈ ಕೆಲಸ ಆಗ ಮಾಡಲಿಲ್ಲ. ಕಳೆದ ವಾರ ಕೂತು ಬರೆಯತೊಡಗಿದೆ. ನೆಲದ ಸಾಲು ಪೂರಾ ನೆನಪಾಯಿತು, ಎರಡನೆಯದೂ ಆಯಿತು. ಮೂರನೇ ಸಾಲಿನಲ್ಲಿ ಎಡದಿಂದ ಐದನೆಯವನು, ಚೌಕಳಿ ಅಂಗಿ, ಕೈ ಕಟ್ಟಿಕೊಂಡವನು, ಅವನು ಯಾರು ಅಂತ ಎಷ್ಟು ತಲೆ ಕೆರೆದುಕೊಂಡರೂ ಹೊಳೆಯಲಿಲ್ಲ. ಆ ಇನ್ನೊಬ್ಬ ಹುಡುಗ, ಆ ಹುಡುಗಿ, ನನ್ನ ಗೆಳೆಯನ ಜತೆ ಆಚೆ ನಿಂತಿದ್ದರಲ್ಲ, ಅವರ ಹೆಸರೂ ಈಗ ನನಗೆ ಬರುತ್ತಿಲ್ಲ. ಗೆಳೆಯನ ಹೆಸರನ್ನು ಮಾತ್ರ ಹಿಂಬದಿಯಲ್ಲಿ, ಸಾಲುಗಳ ಕೆಳಗೆ, "ಹಾಜರಿದ್ದರು" ಎಂದು ಬರೆದಿಟ್ಟಿದ್ದೇನೆ. 1984-85ರಲ್ಲಿ ನಂದಿಗುಡಿ ಸುತ್ತಿನಲ್ಲಿ ಹತ್ತನೇ ಕ್ಲಾಸು ಓದಿದವರು ಯಾರಾದರೂ ಇದನ್ನು ಓದುತ್ತಿದ್ದರೆ, ಪತ್ರಿಕೆಯ ಕಚೇರಿಗೆ ಬಂದು ಫೋಟೋ ನೋಡಿ ಹೆಸರು ಹೇಳಿ ಹೋಗಿ. ಸಂಜೆ ಐದರ ಮೇಲೆ ನಾನು ಅಲ್ಲೇ ಇರುತ್ತೇನೆ.